ದುಡಿಮೆಯ ಒತ್ತಡ ಮತ್ತು ಮಧುಮೇಹ

“ಕೆಲಸದ ಟೆನ್ಶನ್‌ನಿಂದಲೇ ಶುಗರ್ ಬಂತು” ಎಂಬ ಮಾತನ್ನು ಮಹಾನಗರದ ಕನ್ನಡ ಮನೆಗಳಲ್ಲಿ ಕೇಳದವರು ವಿರಳ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಹೇಳುತ್ತಾರೆ, ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಹೇಳುತ್ತಾರೆ, ರಾತ್ರಿ ಪಾಳಿ ಮುಗಿಸಿ ಬೆಳಗಿನ ಲೋಕಲ್ ಹಿಡಿಯುವ ತರುಣರೂ ಈಗ ಹೇಳತೊಡಗಿದ್ದಾರೆ. ವೈದ್ಯರಾದರೋ ಆ ಮಾತಿಗೆ ತಲೆಯಾಡಿಸಿ, ಸೊಂಟದ ಸುತ್ತಳತೆ ನೋಡಿ, ತಂದೆ ತಾಯಿಯರಿಗೆ ಈ ಕಾಯಿಲೆ ಇತ್ತೇ ಎಂದು ವಿಚಾರಿಸುತ್ತಾರೆ. ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ದುಡಿಮೆಯ ಒತ್ತಡ ಎಂದರೆ ನಾವು ಸಾಮಾನ್ಯವಾಗಿ ಭಾವಿಸಿರುವ ಅರ್ಥ ಬೇರೆ, ದೇಹಕ್ಕೆ ನಿಜವಾಗಿ ಹಾನಿ ಮಾಡುವ ಅಂಶ ಬೇರೆ.

ವಿಚಾರವೇನೂ ಹೊಸದಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆ ಪ್ರಮೇಹದ ಕಾರಣಗಳಲ್ಲಿ ಕುಳಿತೇ ಇರುವ ಸುಖವನ್ನೂ ಅತಿಯಾದ ನಿದ್ರೆಯನ್ನೂ ಎಣಿಸಿದೆ. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ದೀರ್ಘಕಾಲದ ದುಃಖವೂ ಈ ರೋಗಕ್ಕೆ ಒಂದು ಕಾರಣವೆಂದು ಬರೆದಿದ್ದ. ದೇಹ ಮತ್ತು ಮನಸ್ಸು ಎರಡೂ ಅಂದಿನಿಂದಲೇ ಆರೋಪಿಗಳ ಸ್ಥಾನದಲ್ಲಿವೆ.

ಇಂದು ಪ್ರಶ್ನೆಯ ಗಾತ್ರ ಮಾತ್ರ ಬದಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ. ಅಂದರೆ ಸುಮಾರು 10 ಕೋಟಿ ಜನ. ಇನ್ನೂ ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಳಲ್ಲಿ ಶೇ. 8.9 ಇರುವ ಪ್ರಮಾಣ ನಗರಗಳಲ್ಲಿ ಶೇ. 16.4. ಊರು ಬಿಟ್ಟು ನಗರ ಸೇರಿದ ನಮ್ಮಂಥ ಕುಟುಂಬಗಳು ಈ ಎರಡು ಅಂಕಿಗಳ ನಡುವಣ ದೂರವನ್ನು ಒಂದೇ ತಲೆಮಾರಿನಲ್ಲಿ ಕ್ರಮಿಸಿವೆ.

ದೇಹದೊಳಗೆ ನಡೆಯುವುದೇನು?

ಅಪಾಯ ಎದುರಾದಾಗ ದೇಹ ಹೋರಾಟಕ್ಕೋ ಪಲಾಯನಕ್ಕೋ ಸಿದ್ಧವಾಗುತ್ತದೆ ಎಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಆರಂಭದಲ್ಲಿ ವಿವರಿಸಿದ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ದೇಹಕ್ಕೆ ಬೀಳುವ ಪೆಟ್ಟು ಯಾವ ಬಗೆಯದಾದರೂ ಅದರ ಪ್ರತಿಕ್ರಿಯೆ ಒಂದೇ ತೆರನಾಗಿರುತ್ತದೆ ಎಂದು ತೋರಿಸಿದ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಮೊದಲು ಅಡ್ರಿನಲಿನ್, ಅನಂತರ ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಸ್ರವಿಸುತ್ತವೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಎದೆಬಡಿತ ಏರುತ್ತದೆ, ಇನ್ಸುಲಿನ್ನಿನ ಕೆಲಸ ತಾತ್ಕಾಲಿಕವಾಗಿ ಮಂದವಾಗುತ್ತದೆ. ಓಡಬೇಕಾದ ಸ್ನಾಯುಗಳಿಗೆ ಇಂಧನ ಒದಗಿಸುವ ಏರ್ಪಾಡು ಇದು.

ಹುಲಿ ಎದುರಾದರೆ ಈ ಏರ್ಪಾಡು ಪ್ರಾಣ ಉಳಿಸುತ್ತದೆ. ಮೇಲಧಿಕಾರಿಯ ದೂರವಾಣಿ ಬಂದಾಗಲೂ ದೇಹ ಇದನ್ನೇ ಮಾಡುತ್ತದೆ. ಆದರೆ ಓಟವಿಲ್ಲ, ಕುರ್ಚಿ ಮಾತ್ರ. ರಕ್ತಕ್ಕೆ ಬಂದ ಸಕ್ಕರೆ ಸ್ನಾಯುಗಳಲ್ಲಿ ಉರಿದುಹೋಗುವುದಿಲ್ಲ. ಅದನ್ನು ಇಳಿಸಲು ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಒಂದು ದಿನದ ಮಟ್ಟಿಗೆ ಇದು ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ನಡೆದರೆ ಕಾರ್ಟಿಸಾಲ್ ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಶೇಖರಿಸಲು ನೆರವಾಗುತ್ತದೆ, ಆ ಕೊಬ್ಬು ಇನ್ಸುಲಿನ್ನಿಗೆ ಇನ್ನಷ್ಟು ಅಡ್ಡಿ ಒಡ್ಡುತ್ತದೆ. ಕಾರ್ಟಿಸಾಲ್ ಮತ್ತು ಸಕ್ಕರೆಯ ನಂಟು ಬರಿಯ ಊಹೆಯಲ್ಲ. ಆಸ್ತಮಾ, ಸಂಧಿವಾತಗಳಿಗೆ ಕೊಡುವ ಸ್ಟಿರಾಯ್ಡ್ ಔಷಧಗಳು ಇದೇ ಜಾತಿಯವು. 2020–21ರ ಕೋವಿಡ್ ಕಾಲದಲ್ಲಿ ಅವುಗಳನ್ನು ಪಡೆದ ಹಲವರ ಸಕ್ಕರೆ ಅಂಶ ಏರಿದ್ದನ್ನು ಅನೇಕ ಮನೆಗಳು ಕಂಡಿವೆ.

ಇದಿಷ್ಟು ನೇರ ದಾರಿ. ಬಳಸುದಾರಿ ಇದಕ್ಕಿಂತ ಅಗಲವಾದದ್ದು. ಕೆಲಸದ ಒತ್ತಡದಲ್ಲಿರುವವನು ಹೊತ್ತು ಮೀರಿ ಉಣ್ಣುತ್ತಾನೆ, ನಡಿಗೆ ಬಿಡುತ್ತಾನೆ, ಕಡಿಮೆ ನಿದ್ರಿಸುತ್ತಾನೆ, ಸಿಗರೇಟು ಹಚ್ಚುತ್ತಾನೆ. ಕಚೇರಿಯ ಚಹವನ್ನೇ ತೆಗೆದುಕೊಳ್ಳಿ: ದಿನಕ್ಕೆ ಐದು ಲೋಟ, ಒಂದೊಂದಕ್ಕೆ ಎರಡು ಚಮಚ ಎಂದರೆ ಹತ್ತು ಚಮಚ, ಸುಮಾರು 40ರಿಂದ 50 ಗ್ರಾಂ ಸಕ್ಕರೆ. ಇದನ್ನು ಯಾರೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಲಂಡನ್ನಿನ ಗುಮಾಸ್ತರು ಕಲಿಸಿದ್ದು

ಒತ್ತಡ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ದೊಡ್ಡ ಹುದ್ದೆಯ ಅಧಿಕಾರಿ: ಕೋಟಿಗಟ್ಟಲೆ ವ್ಯವಹಾರ, ಎರಡು ದೂರವಾಣಿ, ಒಂದು ಹೃದಯಾಘಾತ. ಈ ಚಿತ್ರ ತಪ್ಪೆಂದು ತೋರಿಸಿದ್ದು ಲಂಡನ್ನಿನ ಸರಕಾರಿ ನೌಕರರ ಮೇಲೆ ನಡೆದ ಅಧ್ಯಯನಗಳು. ಅಲ್ಲಿನ ಸಚಿವಾಲಯಗಳಿರುವ ಬೀದಿಯ ಹೆಸರಿನಿಂದ ಇವನ್ನು ವೈಟ್‌ಹಾಲ್ ಅಧ್ಯಯನಗಳೆಂದು ಕರೆಯುತ್ತಾರೆ. 1960ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಮೊದಲನೆಯದರಲ್ಲಿ, ಅತಿ ಕೆಳಗಿನ ದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಅತ್ಯುನ್ನತ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಅತಿ ಹೆಚ್ಚು ಹೊಣೆ ಹೊತ್ತವರು ಹೆಚ್ಚು ಕಾಲ ಬದುಕಿದರು. ಅವರ ಕಡತಗಳನ್ನು ಹೊತ್ತು ತಂದವರು ಬೇಗ ಹೋದರು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಬಹುಭಾಗ ಉಳಿದೇ ಇತ್ತು.

1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಎರಡನೆಯ ಅಧ್ಯಯನ ಆರಂಭವಾಯಿತು. ಈ ಬಾರಿ ಹೆಂಗಸರೂ ಸೇರಿ 10,308 ನೌಕರರು. ಅವರನ್ನು ಕೇಳಿದ ಪ್ರಶ್ನೆಗಳ ಹಿಂದೆ ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಚಾರವಿತ್ತು. ಕೆಲಸ ಹೆಚ್ಚಿರುವುದು ತಾನೇ ತಾನಾಗಿ ಹಾನಿಕರವಲ್ಲ. ಕೆಲಸ ಹೆಚ್ಚು, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ತೀರ್ಮಾನದಲ್ಲಿ ತನ್ನ ಮಾತು ನಡೆಯುವುದು ಕಡಿಮೆ, ಈ ಎರಡೂ ಕೂಡಿದಾಗಲೇ ಹಾನಿ ಎಂಬುದು ಅವರ ವಾದ. ಮೇಲಿನವರ ಮತ್ತು ಜೊತೆಯವರ ಆಸರೆಯೂ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಜರ್ಮನಿಯ ಯೊಹಾನ್ನೆಸ್ ಸೀಗ್ರಿಸ್ಟ್ 1996ರಲ್ಲಿ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದರು: ದುಡಿದಷ್ಟಕ್ಕೆ ತಕ್ಕ ಸಂಬಳ, ಮನ್ನಣೆ, ಭದ್ರತೆ ಸಿಗದಿರುವುದು.

ಇದನ್ನು ಓದುವಾಗ ಹೋಟೆಲಿನ ಮಾಲಿಕನಿಗಿಂತ ಅವನ ಅಡುಗೆಮನೆಯಲ್ಲಿ ಆರ್ಡರು ಕೂಗುವುದನ್ನೇ ಕಾಯುತ್ತ ನಿಂತ ದೋಸೆ ಭಟ್ಟರು ನೆನಪಾಗುವುದು ಸಹಜ. ಗಿರಾಕಿಗಳು ಎಷ್ಟು ಬರಬೇಕೆಂಬುದು ಅವರ ಕೈಯಲ್ಲಿಲ್ಲ, ಊಟದ ಹೊತ್ತು ಅವರ ಕೈಯಲ್ಲಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ವೈಟ್‌ಹಾಲ್ ನೌಕರರಲ್ಲಿ ಮತ್ತೆ ಮತ್ತೆ ಕೆಲಸದ ಒತ್ತಡಕ್ಕೆ ಸಿಲುಕಿದವರಿಗೆ ಸೊಂಟದ ಬೊಜ್ಜು, ಏರಿದ ರಕ್ತದೊತ್ತಡ, ಏರಿದ ಸಕ್ಕರೆ, ಕೆಟ್ಟ ಕೊಬ್ಬು ಇವುಗಳಲ್ಲಿ ಹಲವು ಒಟ್ಟಾಗಿ ಬರುವ ಸಂಭವ, ಒತ್ತಡವಿಲ್ಲದವರಿಗಿಂತ ಎರಡು ಪಟ್ಟಿಗೂ ಮಿಕ್ಕಿದ್ದೆಂದು 2006ರಲ್ಲಿ ವರದಿಯಾಯಿತು. 2009ರಲ್ಲಿ ಮಧುಮೇಹದ ಬಗೆಗೇ ಬಂದ ವರದಿ ಹೆಚ್ಚು ಚರ್ಚೆಗೆ ಒಳಗಾಯಿತು. ಒತ್ತಡ ಹೆಚ್ಚಾಗಿ ಆಸರೆ ಕಡಿಮೆಯಿದ್ದ ಮಧ್ಯವಯಸ್ಸಿನ ಸ್ತ್ರೀಯರಲ್ಲಿ ಮಧುಮೇಹದ ಅಪಾಯ ಸುಮಾರು ಇಮ್ಮಡಿ. ಪುರುಷರಲ್ಲಿ ಅಂಥ ನಂಟು ಕಾಣಲಿಲ್ಲ.

ಒಂದು ನಗರದ ಒಂದು ಅಧ್ಯಯನದ ಮೇಲೆ ತೀರ್ಪು ಕೊಡಲಾಗದು. 2014ರಲ್ಲಿ ಯುರೋಪಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1,24,808 ಜನರ ಮಾಹಿತಿಯನ್ನು ಪರಿಶೀಲಿಸಲಾಯಿತು. ಆಗ ದೊರೆತ ಉತ್ತರ ಹೆಚ್ಚು ಸಮಾಧಾನದ್ದು: ಒತ್ತಡದ ಕೆಲಸದಲ್ಲಿರುವವರಿಗೆ ಮಧುಮೇಹದ ಅಪಾಯ ಸುಮಾರು ಶೇ. 15ರಷ್ಟು ಹೆಚ್ಚು, ಹೆಂಗಸರಿಗೂ ಗಂಡಸರಿಗೂ. ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಒತ್ತಡವಿಲ್ಲದ 100 ಜನರಲ್ಲಿ 10 ಮಂದಿಗೆ ರೋಗ ಬರುವುದಿದ್ದರೆ, ಒತ್ತಡದಲ್ಲಿರುವ 100 ಜನರಲ್ಲಿ 11 ಅಥವಾ 12 ಮಂದಿಗೆ ಬರಬಹುದು. ಆದುದರಿಂದ “ಬರಿಯ ಟೆನ್ಶನ್‌ನಿಂದ ಬಂತು” ಎನ್ನುವುದು ಅತಿಶಯೋಕ್ತಿ. ಹಾಗೆಂದು ಅದು ಶೂನ್ಯವೂ ಅಲ್ಲ. ಕೋಟಿಗಟ್ಟಲೆ ದುಡಿಯುವವರಿರುವ ದೇಶದಲ್ಲಿ ನೂರಕ್ಕೆ ಒಬ್ಬರೆಂದರೂ ದೊಡ್ಡ ಸಂಖ್ಯೆಯೇ.

ಹೊತ್ತು ಮೀರಿದ ದುಡಿಮೆ

ಒತ್ತಡಕ್ಕಿಂತ ಸುಲಭವಾಗಿ ಅಳೆಯಬಹುದಾದುದು ಕೆಲಸದ ಗಂಟೆಗಳು. 2015ರಲ್ಲಿ 2,22,120 ಜನರ ಮಾಹಿತಿಯ ಮೇಲೆ ನಡೆದ ಒಂದು ವಿಶ್ಲೇಷಣೆಯಲ್ಲಿ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರನ್ನು 35ರಿಂದ 40 ಗಂಟೆ ದುಡಿಯುವವರೊಂದಿಗೆ ಹೋಲಿಸಲಾಯಿತು. ಮೇಲ್ದರ್ಜೆಯ ಉದ್ಯೋಗದಲ್ಲಿದ್ದವರಲ್ಲಿ ಮಧುಮೇಹದ ಅಪಾಯ ಏರಿರಲಿಲ್ಲ. ಕೆಳದರ್ಜೆಯ, ಕಡಿಮೆ ಆದಾಯದ ಕೆಲಸಗಳಲ್ಲಿದ್ದವರಲ್ಲಿ ಮಾತ್ರ ಸುಮಾರು ಶೇ. 30ರಷ್ಟು ಏರಿತ್ತು. ಅದೇ 55 ಗಂಟೆ, ಬೇರೆ ಬೇರೆ ಫಲ. ಹೃದಯ ಮತ್ತು ಮೆದುಳಿನ ವಿಷಯದಲ್ಲಾದರೋ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಂದಾಜು ಇನ್ನೂ ಕಠೋರ: 55 ಗಂಟೆ ಮೀರಿದ ದುಡಿಮೆಯಿಂದ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು.

ಮುಂಬಯಿಯ ಕನ್ನಡಿಗರ ಕಥೆಯಲ್ಲಿ ಹೋಟೆಲ್ ಉದ್ಯಮಕ್ಕೆ ದೊಡ್ಡ ಪಾಲಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅದೇ ದಿನಚರಿಯನ್ನು ಐವತ್ತರ ವಯಸ್ಸಿನವರೆಗೂ ಮುಂದುವರಿಸಿದವರ ಆರೋಗ್ಯದ ಲೆಕ್ಕವನ್ನು ನಾವು ಇಟ್ಟಿಲ್ಲ. ಸನ್ಮಾನ ಪತ್ರಗಳಲ್ಲಿ ‘ಅವಿಶ್ರಾಂತ ದುಡಿಮೆ’ ಎಂಬುದು ಹೊಗಳಿಕೆಯಾಗಿಯೇ ಬರುತ್ತದೆ.

ರಾತ್ರಿ ಪಾಳಿಯದು ಬೇರೆಯೇ ತೊಂದರೆ. ಕಾರ್ಟಿಸಾಲ್ ಸಹಜವಾಗಿ ಮುಂಜಾನೆ ಏರಿ ನಡುರಾತ್ರಿ ತಗ್ಗುತ್ತದೆ. ಇನ್ಸುಲಿನ್ನಿನ ಕೆಲಸಕ್ಕೂ ಹಗಲು ರಾತ್ರಿಗಳ ಲಯವಿದೆ. ರಾತ್ರಿ ಎರಡು ಗಂಟೆಗೆ ಉಂಡ ಅದೇ ಅನ್ನ ಮಧ್ಯಾಹ್ನದ ಅನ್ನಕ್ಕಿಂತ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಅಮೆರಿಕದ ದಾದಿಯರ ಬಗೆಗೆ 2011ರಲ್ಲಿ ಬಂದ ವರದಿಯಲ್ಲಿ, ಸರದಿಯ ಮೇಲೆ ರಾತ್ರಿ ಪಾಳಿ ಮಾಡಿದ ವರ್ಷಗಳು ಹೆಚ್ಚಿದಂತೆ ಮಧುಮೇಹದ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. 20 ವರ್ಷ ಮೀರಿದವರಲ್ಲಿ ಶೇ. 58ರಷ್ಟು. ಇದರಲ್ಲಿ ಬಹುಪಾಲು ದೇಹತೂಕ ಏರಿದ್ದರಿಂದ, ಉಳಿದದ್ದು ಪಾಳಿಯ ಕಾರಣದಿಂದಲೇ ಇರಬಹುದು. ನಿದ್ರೆಗೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1999ರ ಒಂದು ಸಣ್ಣ ಪ್ರಯೋಗವನ್ನು ಈಗಲೂ ಉದಾಹರಿಸುತ್ತಾರೆ. ಆರೋಗ್ಯವಂತರಾದ 11 ತರುಣರಿಗೆ ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಸಕ್ಕರೆಯನ್ನು ಅರಗಿಸಿಕೊಳ್ಳುವ ಅವರ ಶಕ್ತಿ ಸ್ಪಷ್ಟವಾಗಿ ಕುಗ್ಗಿತು, ಸಂಜೆಯ ಕಾರ್ಟಿಸಾಲ್ ಏರಿತು. ನಿದ್ರೆ ತುಂಬಿಸಿಕೊಂಡ ಮೇಲೆ ಎಲ್ಲವೂ ಮೊದಲಿನಂತಾಯಿತು ಎಂಬುದು ಅದರ ಸಂತೋಷದ ಭಾಗ.

ಕುಳಿತು ಮಾಡುವ ಕೆಲಸದ ವಿಷಯದಲ್ಲಿ ಇನ್ನೊಂದು ಹಳೆಯ ಉದಾಹರಣೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡು ಮಹಡಿಯ ಬಸ್ಸುಗಳ ಚಾಲಕರಿಗಿಂತ, ದಿನವಿಡೀ ಮೇಲೆ ಕೆಳಗೆ ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ತೋರಿಸಿದರು. ಚಾಲಕರ ಸಮವಸ್ತ್ರದ ಸೊಂಟದಳತೆ ಕಂಡಕ್ಟರುಗಳದಕ್ಕಿಂತ ದೊಡ್ಡದೆಂದೂ ಮುಂದೆ ಅವರೇ ಲೆಕ್ಕ ಹಾಕಿದರು. ಒತ್ತಡ ಇಬ್ಬರಿಗೂ ಇತ್ತು, ಮೆಟ್ಟಿಲುಗಳು ಒಬ್ಬರಿಗೆ ಮಾತ್ರ.

ನಮ್ಮ ಮೈಕಟ್ಟಿನ ಮಾತು

ಮೇಲಿನ ಅಂಕಿಗಳೆಲ್ಲ ಹೆಚ್ಚಾಗಿ ಪಶ್ಚಿಮದವರದು. ಭಾರತೀಯರಿಗೆ ಮಧುಮೇಹ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿ ಬರುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, 22.3. ದೇಹದ ಕೊಬ್ಬಿನ ಅಂಶ ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನೊಳಗೆ ಅಡಗಿದ ಬೊಜ್ಜಿಗೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ಆದ್ದರಿಂದ “ನಾನೇನು ದಪ್ಪಗಿಲ್ಲವಲ್ಲ” ಎಂಬ ಸಮಾಧಾನ ನಮಗೆ ಸಲ್ಲದು.

ಚೆನ್ನೈಯ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಸಿದ್ಧಪಡಿಸಿದ ಭಾರತೀಯ ಮಧುಮೇಹ ಅಪಾಯ ಸೂಚ್ಯಂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ವಯಸ್ಸು 35ರೊಳಗಿದ್ದರೆ ಸೊನ್ನೆ, 35ರಿಂದ 49 ಆದರೆ 20, 50 ದಾಟಿದ್ದರೆ 30 ಅಂಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಅಂಕವಿಲ್ಲ, ಅಲ್ಲಿಂದ ಹತ್ತು ಸೆಂ.ಮೀ.ವರೆಗೆ 10, ಅದನ್ನೂ ಮೀರಿದರೆ 20. ವ್ಯಾಯಾಮವೂ ಇಲ್ಲದೆ ಕುಳಿತೇ ಮಾಡುವ ಕೆಲಸವಾದರೆ 30. ಮೈ ಬಗ್ಗಿಸಿ ದುಡಿದು ವ್ಯಾಯಾಮವನ್ನೂ ಮಾಡುವವರಿಗೆ ಸೊನ್ನೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು, ರಕ್ತಪರೀಕ್ಷೆ ಮಾಡಿಸಲೇಬೇಕು. ಗಲ್ಲಾದಲ್ಲಿ ಕೂರುವ 45 ವರ್ಷದವರೊಬ್ಬರ ಸೊಂಟ 95 ಸೆಂ.ಮೀ., ವ್ಯಾಯಾಮವಿಲ್ಲ, ತಾಯಿಗೆ ಸಕ್ಕರೆ ಕಾಯಿಲೆ ಎಂದಿಟ್ಟುಕೊಳ್ಳಿ. 20, 10, 30, 10 ಕೂಡಿ 70. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ ಅಳತೆ ತೆಗೆಯಬೇಕು. ಪ್ಯಾಂಟಿನ ಅಳತೆ ನಂಬಲರ್ಹವಲ್ಲ, ಹೊಟ್ಟೆಯ ಕೆಳಗೆ ಕಟ್ಟಿದ ಬೆಲ್ಟು ಸುಳ್ಳು ಹೇಳುತ್ತದೆ.

ಗಮನಿಸಿ, ಈ ಸೂಚ್ಯಂಕದಲ್ಲಿ ಒತ್ತಡದ ಪ್ರಶ್ನೆಯೇ ಇಲ್ಲ. ವಂಶ, ವಯಸ್ಸು, ಸೊಂಟ, ಚಟುವಟಿಕೆ ಇವುಗಳ ತೂಕ ಅಷ್ಟಿದೆ. ಆದರೆ ನಾಲ್ಕರಲ್ಲಿ ಬದಲಾಯಿಸಬಹುದಾದ ಎರಡು, ಅಂದರೆ ಸೊಂಟ ಮತ್ತು ಚಟುವಟಿಕೆ, ಇವುಗಳ ಕೀಲಿಕೈ ಬಹುಮಟ್ಟಿಗೆ ಕೆಲಸದ ವೇಳಾಪಟ್ಟಿಯ ಬಳಿ ಇದೆ.

ಏನು ಸಾಧ್ಯ?

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಮತ್ತು ಆಹಾರದ ಹಿತಮಿತಕ್ಕೆ ಒಳಪಟ್ಟವರಲ್ಲಿ ಶೇ. 39 ಮಂದಿಗೆ. ಅದೇ ತಂಡ 537 ಉದ್ಯೋಗಸ್ಥ ಪುರುಷರ ಮೇಲೆ ಮಾಡಿದ ಪ್ರಯೋಗ 2013ರಲ್ಲಿ ಬಂತು. ಮೊಬೈಲಿಗೆ ನಿಯಮಿತವಾಗಿ ಕಿರುಸಂದೇಶ ಕಳಿಸಿ ನೆನಪಿಸಿದ್ದಕ್ಕೇ ಎರಡು ವರ್ಷಗಳಲ್ಲಿ ರೋಗ ಬಂದವರ ಪ್ರಮಾಣ ಶೇ. 27ರಿಂದ 18ಕ್ಕೆ ಇಳಿಯಿತು. ದಿನವೂ ನಡೆಯಿರಿ ಎಂದು ಹೆಂಡತಿ ಮಕ್ಕಳು ಹೇಳಿದರೆ ಕಿರಿಕಿರಿ ಎನಿಸುವುದು ಮೊಬೈಲ್ ಹೇಳಿದರೆ ಹಿತವಚನವಾಗುತ್ತದೆಯೋ ಏನೋ.

ಧ್ಯಾನ, ಪ್ರಾಣಾಯಾಮ, ಯೋಗಗಳಿಂದ ಒತ್ತಡ ತಗ್ಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 2002ರ ಪ್ರಯೋಗವೊಂದರಲ್ಲಿ ಒತ್ತಡ ನಿರ್ವಹಣೆಯ ತರಬೇತಿ ಪಡೆದ ಮಧುಮೇಹಿಗಳ ಮೂರು ತಿಂಗಳ ಸರಾಸರಿ ಸಕ್ಕರೆಯ ಸೂಚಿ ವರ್ಷಾಂತ್ಯಕ್ಕೆ ಅರ್ಧ ಅಂಶದಷ್ಟು ಇಳಿದಿತ್ತು. ಉಪಯುಕ್ತವೇ, ಆದರೆ ಮಾತ್ರೆ ನಿಲ್ಲಿಸುವಷ್ಟಲ್ಲ. ಇನ್ನೊಂದು ಆಕ್ಷೇಪವೂ ಇದೆ. ಹನ್ನೆರಡು ಗಂಟೆ ದುಡಿಸಿ ವರ್ಷಕ್ಕೊಂದು ಯೋಗ ಶಿಬಿರ ನಡೆಸುವ ಕಚೇರಿ, ರೋಗದ ಹೊಣೆಯನ್ನು ನೌಕರನ ತಲೆಗೇ ಕಟ್ಟಿದಂತೆ. ಪಾಳಿಯ ಪಟ್ಟಿಯನ್ನು ತಿಂಗಳ ಮೊದಲೇ ತಿಳಿಸುವುದು, ಊಟಕ್ಕೆ ನಿಶ್ಚಿತ ಅರ್ಧ ಗಂಟೆ, ವಾರಕ್ಕೊಂದು ಪೂರ್ಣ ರಜೆ, ಇವುಗಳಿಗೆ ಖರ್ಚು ಹೆಚ್ಚಿಲ್ಲ. ನಮ್ಮವರೇ ಮಾಲಿಕರಾಗಿರುವ ಹೋಟೆಲು, ಅಂಗಡಿ, ಸಣ್ಣ ಕಚೇರಿಗಳಲ್ಲಿ ಇದನ್ನು ನಾಳೆಯೇ ಆರಂಭಿಸಬಹುದು.

ಈಗಾಗಲೇ ಮಧುಮೇಹವಿರುವ ದುಡಿಮೆಗಾರರಿಗೆ ಊಟದ ವೇಳೆ ಪ್ರಾಣದ ವಿಷಯ. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಮಾತ್ರೆ, ಇಲ್ಲವೇ ಇನ್ಸುಲಿನ್ ತೆಗೆದುಕೊಂಡು ಊಟ ಮುಂದೂಡಿದರೆ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿಯಬಹುದು. ಕೈನಡುಕ, ಬೆವರು, ತಲೆ ಸುತ್ತು, ಅಕಾರಣ ಸಿಡುಕು ಇದರ ಲಕ್ಷಣ. ಸುತ್ತಲಿನವರು ಇದನ್ನೂ ಟೆನ್ಶನ್ ಎಂದೇ ತಿಳಿಯುತ್ತಾರೆ. ತಕ್ಷಣ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಲೋಕಲಿನಲ್ಲಿ ಗಂಟೆಗಟ್ಟಲೆ ಪಯಣಿಸುವವರ ಚೀಲದಲ್ಲಿ ಒಂದು ಸಣ್ಣ ಸಕ್ಕರೆ ಪೊಟ್ಟಣ ಇರಲಿ.

ಪರೀಕ್ಷೆಯ ವಿಷಯ ಒಂದು ಮಾತು. ಬರಿಹೊಟ್ಟೆಯಲ್ಲಿ 100 ಮಿ.ಲೀ. ರಕ್ತಕ್ಕೆ 126 ಮಿ.ಗ್ರಾಂ. ಅಥವಾ ಹೆಚ್ಚು ಸಕ್ಕರೆಯಿದ್ದರೆ ಮಧುಮೇಹ, 100ರಿಂದ 125 ಇದ್ದರೆ ಹೊಸ್ತಿಲು. 2010ರಲ್ಲಿ ಆರಂಭವಾದ ಕೇಂದ್ರ ಸರಕಾರದ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ನಡೆಯುತ್ತದೆ. ರಾತ್ರಿ ಮೂರಕ್ಕೆ ಉಣ್ಣುವ ಪಾಳಿಯವರಿಗೆ ಎಂಟು ಗಂಟೆಯ ಬರಿಹೊಟ್ಟೆ ಬೆಳಗ್ಗೆ ದೊರೆಯುವುದಿಲ್ಲ. ಅಂಥವರು ಎಚ್‌ಬಿಎ1ಸಿ ಪರೀಕ್ಷೆಯನ್ನು ಹಗಲಿನ ಯಾವ ಹೊತ್ತಿನಲ್ಲಾದರೂ ಮಾಡಿಸಬಹುದು, 6.5 ಅಥವಾ ಹೆಚ್ಚಾದರೆ ಮಧುಮೇಹ, 5.7ರಿಂದ 6.4 ಹೊಸ್ತಿಲು. ರಕ್ತಹೀನತೆ ಇರುವವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದಾದುದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.